ಮನೆಯ ಕಂಪ್ಯೂಟರಿಗೆ ಯಜಮಾನ ಯಾರು?



ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದರ ಮುಂದೆ ಕೂರುವವರು ನಾಲ್ಕೈದು ಮಂದಿ. ಬೆಳಿಗ್ಗೆ ಅಪ್ಪ ಬ್ಯಾಂಕಿನ ಲೆಕ್ಕ ನೋಡುತ್ತಾರೆ. ಮಧ್ಯಾಹ್ನ ಅಮ್ಮ ಮಹಿಳಾ ಸಂಘದ ನಡಾವಳಿ ಟೈಪ್ ಮಾಡುತ್ತಾರೆ. ಸಂಜೆ ಶಾಲೆಯಿಂದ ಬಂದ ಮಗನ ಆಟ, ರಾತ್ರಿ ಕಾಲೇಜಿಗೆ ಹೋಗುವ ಮಗಳ ಪ್ರಾಜೆಕ್ಟು. ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳದೂ ಒಂದು ಪಾಳಿ. ಹೀಗೆ ಕೆಲವು ತಿಂಗಳು ಕಳೆದ ಮೇಲೆ ನೋಡಿ: ಬ್ರೌಸರ್ ತೆರೆದರೆ ಗೂಗಲ್ ಬದಲು ಹೆಸರೇ ಕೇಳದ ಯಾವುದೋ ಹುಡುಕುತಾಣ ಬಂದು ನಿಲ್ಲುತ್ತದೆ. ಡೆಸ್ಕ್‌ಟಾಪ್ ಮೇಲೆ ಯಾರೂ ಕೇಳದ ಮೂರು ವಿಡಿಯೊ ಪ್ಲೇಯರ್. ಜೊತೆಗೆ, ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ, ದುಡ್ಡು ಕೊಟ್ಟರೆ ಸರಿಮಾಡುತ್ತೇನೆ ಎಂದು ಪೀಡಿಸುವ ಒಂದು ‘ಕ್ಲೀನರ್’. ಇದನ್ನೆಲ್ಲ ಯಾರು ಹಾಕಿದ್ದು ಎಂದು ಕೇಳಿದರೆ, ಯಾರೂ ಹಾಕಿಲ್ಲ. ತನಿಖೆ ನಡೆದು ಕೊನೆಗೆ ತಪ್ಪು ಹೋಗಿ ಮನೆಯ ಅತಿ ಚಿಕ್ಕವನ ತಲೆಗೆ ಬೀಳುತ್ತದೆ.

ನಾನು ಕಂಪ್ಯೂಟರ್ ಪಾಠ ಹೇಳುವವನು. ನೆಂಟರ ಮನೆಗೆ ಊಟಕ್ಕೆ ಕರೆದರೆ, ಎಲೆ ಹಾಕುವ ಮೊದಲು ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಹಾಗೆ ನೋಡಿದ ಯಂತ್ರಗಳ ಮೇಲಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಆ ಹುಡುಗ ಬಹುಪಾಲು ನಿರಪರಾಧಿ. ಅಥವಾ ಅಪ್ಪ ಎಷ್ಟು ಅಪರಾಧಿಯೋ ಅವನೂ ಅಷ್ಟೇ.

ಕಸ ಒಳಗೆ ಬರುವ ದಾರಿಯನ್ನೊಮ್ಮೆ ಹತ್ತಿರದಿಂದ ನೋಡೋಣ. ಅಮ್ಮನಿಗೆ ಕನ್ನಡ ಟೈಪ್ ಮಾಡಲು ‘ನುಡಿ’ಯೋ ‘ಬರಹ’ವೋ ಬೇಕು. ಗೂಗಲ್ಲಿನಲ್ಲಿ ಆ ಹೆಸರು ಹಾಕಿ, ಪಕ್ಕದಲ್ಲಿ ‘ಫ್ರೀ ಡೌನ್‌ಲೋಡ್’ ಎಂದು ಸೇರಿಸುತ್ತಾರೆ. ಮೇಲೆ ಸಿಕ್ಕ ತಾಣ ತೆರೆದರೆ ಅಲ್ಲಿ ಹಸಿರು ಬಣ್ಣದ ‘ಡೌನ್‌ಲೋಡ್’ ಗುಂಡಿ ಒಂದಲ್ಲ, ಮೂರು ನಾಲ್ಕು. ಎಲ್ಲಕ್ಕಿಂತ ದೊಡ್ಡದು ಜಾಹೀರಾತು. ನಿಜವಾದದ್ದು ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ದೊಡ್ಡದನ್ನೇ ಒತ್ತುತ್ತಾರೆ, ಯಾರಾದರೂ ಅದನ್ನೇ ಒತ್ತಬೇಕು. ಆಮೇಲೆ ಬರುವ ಕಿಟಕಿಯಲ್ಲಿ ‘ಎಕ್ಸ್‌ಪ್ರೆಸ್’, ‘ಕಸ್ಟಮ್’ ಎಂದು ಎರಡು ಆಯ್ಕೆ. ‘ಎಕ್ಸ್‌ಪ್ರೆಸ್’ ಪಕ್ಕದಲ್ಲಿ ‘ರೆಕಮೆಂಡೆಡ್’ ಎಂಬ ಉಪದೇಶ ಬೇರೆ. ‘ಕಸ್ಟಮ್’ ಒತ್ತಿದವರಿಗೆ ಮಾತ್ರ ಕಾಣುವ ಹಾಗೆ ಒಳಗೆ ನಾಲ್ಕು ಸಣ್ಣ ಚೌಕಗಳು, ನಾಲ್ಕರಲ್ಲೂ ಮೊದಲೇ ಗುರುತು ಹಾಕಿದೆ: ಟೂಲ್‌ಬಾರ್ ಇರಲಿ, ಹೋಮ್‌ಪೇಜ್ ಬದಲಾಗಲಿ, ಕ್ಲೀನರ್ ಬರಲಿ, ಕೂಪನ್ ಬರಲಿ. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಅಮ್ಮ ಕೇಳಿದ್ದು ಒಂದು, ಮನೆಯೊಳಗೆ ಕಾಲಿಟ್ಟವು ಐದು.

ಇದು ಬೀದಿಬದಿಯ ತಾಣಗಳ ಕೆಲಸ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಹೆಸರಿನವರೂ ಮಾಡಿದ್ದಾರೆ. ಒರೇಕಲ್ ಕಂಪನಿಯ ಜಾವಾ ಹಾಕಿಕೊಂಡವರಿಗೆ ವರ್ಷಗಟ್ಟಲೆ ‘ಆಸ್ಕ್’ ಟೂಲ್‌ಬಾರ್ ಗಂಟುಬೀಳುತ್ತಿತ್ತು. ಅದರ ಚಾಲಾಕಿ ಎಷ್ಟೆಂದರೆ, ಜಾವಾ ಕೂತ ತಕ್ಷಣ ಅದು ತಲೆ ಎತ್ತುತ್ತಿರಲಿಲ್ಲ. ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ತನ್ನನ್ನು ತಾನೇ ಸ್ಥಾಪಿಸಿಕೊಳ್ಳುತ್ತಿತ್ತು. ಅನುಮಾನ ಬಂದು ಕೂಡಲೇ ತಂತ್ರಾಂಶಗಳ ಪಟ್ಟಿ ತೆಗೆದು ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಅಡೋಬಿಯ ಫ್ಲ್ಯಾಶ್ ಪ್ಲೇಯರ್ ಇಳಿಸುವ ಪುಟದಲ್ಲಿ ಮೆಕಾಫಿಯ ಒಂದು ಸ್ಕ್ಯಾನರಿಗೆ ಮೊದಲೇ ಗುರುತು ಬಿದ್ದಿರುತ್ತಿತ್ತು. ಮುಕ್ತ ತಂತ್ರಾಂಶಗಳ ತವರು ಎನಿಸಿಕೊಂಡಿದ್ದ ಸೋರ್ಸ್‌ಫೋರ್ಜ್ ತಾಣವಂತೂ 2015ರಲ್ಲಿ ‘ಗಿಂಪ್’ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆ ಜಾಹೀರಾತಿನ ಸರಕು ಸುತ್ತಿ ಹಂಚಿ, ಅದನ್ನು ಬರೆದವರಿಂದಲೇ ಬೈಸಿಕೊಂಡಿತು. ಮರುವರ್ಷ ತಾಣ ಬೇರೆಯವರ ಕೈಗೆ ಹೋಯಿತು, ಹೊಸಬರು ಆ ಚಾಳಿ ನಿಲ್ಲಿಸಿದರು. ಇದರ ಹಿಂದಿನ ಲೆಕ್ಕಾಚಾರ ಸರಳ: ಒಂದು ಕಂಪ್ಯೂಟರಿನಲ್ಲಿ ತಮ್ಮ ಸರಕು ಕೂತರೆ ಕೂರಿಸಿದವರಿಗೆ ಇಷ್ಟು ದುಡ್ಡು. ಉಚಿತವಾಗಿ ಕೊಡುವ ತಂತ್ರಾಂಶಕ್ಕೆ ಬೆಲೆ ತೆತ್ತವರು ಹೀಗೆ ನಾವೇ.

ನಮ್ಮಲ್ಲಿ ಇನ್ನೊಂದು ಹೆದ್ದಾರಿಯಿದೆ, ಅದು ‘ಕ್ರ್ಯಾಕ್’. ದುಬಾರಿ ತಂತ್ರಾಂಶವನ್ನೋ ಆಟವನ್ನೋ ಪುಕ್ಕಟೆ ಓಡಿಸಲು ಗೆಳೆಯ ಕೊಟ್ಟ ಕಡತ. ಜೊತೆಗಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಸಾಲು: ಮೊದಲು ಆ್ಯಂಟಿವೈರಸ್ ಆಫ್ ಮಾಡಿ, ಆಮೇಲೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆಗೆಯಿರಿ ಎಂದು ಚೀಟಿ ಬರೆದಿಟ್ಟು ಬರುವ ಅತಿಥಿಯ ಮೇಲೂ ನಮಗೆ ಎಂಥ ನಂಬಿಕೆ!

ಕಂಪ್ಯೂಟರ್ ಇದಕ್ಕೆಲ್ಲ ಏಕೆ ಹೂಂಗುಡುತ್ತದೆ? ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಅದಿಲ್ಲದೆ ಮುಂದಿನ ಉಪಾಯ ಅರ್ಥವಾಗುವುದಿಲ್ಲ. ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳುವುದು ಹೊಸ ಸಮಸ್ಯೆಯೇನಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಜೊತೆಗಾರರು 1969ರಲ್ಲಿ ಯುನಿಕ್ಸ್ ಆರಂಭಿಸಿದ ಕಾಲಕ್ಕೆ ಕಂಪ್ಯೂಟರ್ ಎಂದರೆ ಹತ್ತಾರು ಜನರ ಸೊತ್ತು. ಅದಕ್ಕೇ ಅಲ್ಲಿ ಎಲ್ಲವನ್ನೂ ಬದಲಿಸಬಲ್ಲ ‘ರೂಟ್’ ಎಂಬ ಒಡೆಯನ ಖಾತೆ ಒಂದು. ಉಳಿದವರಿಗೆಲ್ಲ ತಮ್ಮ ತಮ್ಮ ಕಡತಗಳ ಮೇಲಷ್ಟೇ ಹಕ್ಕು. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತಿಯೊಂದು ಪ್ರೋಗ್ರಾಮಿಗೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂಬ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಬರೆದು ಪ್ರಕಟಿಸಿದ್ದರು.

ಆಮೇಲೆ ಕಂಪ್ಯೂಟರ್ ಮನೆಗೆ ಬಂತು. ಒಬ್ಬರೇ ಬಳಸುವ ಯಂತ್ರಕ್ಕೆ ಕಾವಲೇಕೆ ಎಂದು ಈ ವಿವೇಕವನ್ನು ಹೊಸ್ತಿಲಾಚೆಯೇ ಬಿಟ್ಟರು. ವಿಂಡೋಸ್ 95, 98 ಬಳಸಿದವರಿಗೆ ನೆನಪಿರಬಹುದು: ಶುರುವಿನಲ್ಲಿ ಹೆಸರು, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬರುತ್ತಿತ್ತು. ಎಸ್ಕೇಪ್ ಕೀಲಿ ಒತ್ತಿದರೆ ಪೆಟ್ಟಿಗೆ ಮಾಯ, ನೀವು ಒಳಗೆ! 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮನೆಯ ಕಂಪ್ಯೂಟರಿಗೂ ನಿಜವಾದ ಖಾತೆಗಳು ಬಂದವು. ಆದರೆ ಸೆಟಪ್ ಹೊತ್ತಿನಲ್ಲಿ ಹೆಸರು ಕೊಟ್ಟ ಅಪ್ಪ, ಅಮ್ಮ, ಮಗ, ಮಗಳು ಎಲ್ಲರನ್ನೂ ಅದು ಪಾಸ್‌ವರ್ಡ್ ಕೂಡ ಕೇಳದೆ ಅಡ್ಮಿನಿಸ್ಟ್ರೇಟರ್ ಮಾಡಿಬಿಡುತ್ತಿತ್ತು.

2007ರಲ್ಲಿ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಲಗಾಮು ಹಾಕಲು ಹೊರಟಿತು. ಏನಾದರೂ ದೊಡ್ಡ ಬದಲಾವಣೆ ಮಾಡಲು ಹೋದರೆ ತೆರೆ ಮಬ್ಬಾಗಿ, ನಡುವೆ ಒಂದು ಪೆಟ್ಟಿಗೆ ಎದ್ದು, ಇದಕ್ಕೆ ಒಪ್ಪಿಗೆಯೇ ಎಂದು ಕೇಳುತ್ತದಲ್ಲ, ಅದೇ. ಯೂಸರ್ ಅಕೌಂಟ್ ಕಂಟ್ರೋಲ್ ಎಂದು ಅದರ ಹೆಸರು. ಜನ ಸಿಡಿಮಿಡಿಗೊಂಡರು, ಮಾತು ಮಾತಿಗೆ ಕೇಳುತ್ತದೆ ಎಂದು ಅದನ್ನು ಆಫ್ ಮಾಡಿಕೊಂಡರು. ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ 2008ರ ಒಂದು ಭದ್ರತಾ ಸಮ್ಮೇಳನದಲ್ಲಿ, ಜನರಿಗೆ ಕಿರಿಕಿರಿ ಮಾಡಲೆಂದೇ ಅದನ್ನು ಇಟ್ಟದ್ದು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಬಳಕೆದಾರರು ರೇಗಿದರೆ ತಂತ್ರಾಂಶ ಬರೆಯುವವರ ಮೇಲೆ ಒತ್ತಡ ಬೀಳುತ್ತದೆ, ಕಂಡದ್ದಕ್ಕೆಲ್ಲ ಒಡೆಯನ ಅಧಿಕಾರ ಬೇಡುವ ಅಭ್ಯಾಸ ಅವರಿಗೆ ತಪ್ಪುತ್ತದೆ ಎಂಬುದು ಲೆಕ್ಕ. ಆ ಲೆಕ್ಕ ಸುಳ್ಳಾಗಲಿಲ್ಲ. ಇವತ್ತು ಆ ಪೆಟ್ಟಿಗೆ ಅಪರೂಪಕ್ಕೆ ಬರುತ್ತದೆ. ಬಂದಾಗ ನಾವು ಓದದೆ ‘ಯೆಸ್’ ಒತ್ತುತ್ತೇವೆ, ಅದು ಬೇರೆ ಮಾತು.

ಈಗ ಉಪಾಯಕ್ಕೆ ಬರೋಣ. ರೇಡಿಯೊದಲ್ಲಿ ತೆರೆ ತೋರಿಸಲು ಬರುವುದಿಲ್ಲ, ಹಾಗಾಗಿ ಗುಂಡಿಗಳ ಹೆಸರನ್ನು ನಿಧಾನವಾಗಿ ಹೇಳುತ್ತೇನೆ. ಕೈಗೆ ಪೆನ್ನು ಸಿಕ್ಕರೆ ಬರೆದುಕೊಳ್ಳಿ.

ವಿಂಡೋಸಿನಲ್ಲಿ ಎರಡು ಬಗೆಯ ಖಾತೆಗಳಿವೆ, ಅಡ್ಮಿನಿಸ್ಟ್ರೇಟರ್ ಮತ್ತು ಸ್ಟ್ಯಾಂಡರ್ಡ್. ಸ್ಟ್ಯಾಂಡರ್ಡ್ ಖಾತೆಯವನು ಬಾಡಿಗೆದಾರನಿದ್ದ ಹಾಗೆ. ಕೋಣೆಯಲ್ಲಿ ಮಂಚ ಹಾಕಿಕೊಳ್ಳಬಹುದು, ಕ್ಯಾಲೆಂಡರ್ ತೂಗುಹಾಕಬಹುದು, ಗೋಡೆ ಒಡೆಯುವ ಹಾಗಿಲ್ಲ. ಒಡೆಯಲು ಹೋದರೆ ಕಂಪ್ಯೂಟರ್ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅಡ್ಮಿನ್ ಖಾತೆಯಲ್ಲಿದ್ದರೆ ಬರೀ ‘ಯೆಸ್’, ‘ನೋ’ ಕೇಳುತ್ತದೆ, ಅಷ್ಟೇ. ಮೌಸಿನ ಮೇಲಿನ ಬೆರಳು ತಾನಾಗಿ ‘ಯೆಸ್’ ಒತ್ತಿಬಿಡುತ್ತದೆ, ಆದರೆ ಯಾವ ಬೆರಳೂ ತಾನಾಗಿ ಪಾಸ್‌ವರ್ಡ್ ಟೈಪ್ ಮಾಡುವುದಿಲ್ಲ. ಆ ಹತ್ತು ಸೆಕೆಂಡು ತಡವೇ ನಮಗೆ ಬೇಕಾದದ್ದು.

ಹೊಸ ಕಂಪ್ಯೂಟರಿನಲ್ಲಿ ಮೊದಲು ತೆರೆಯುವ ಖಾತೆ ಯಾವಾಗಲೂ ಅಡ್ಮಿನ್. ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿ ತಂದದ್ದಾದರೆ ಅದರ ಹೆಸರು ‘ಪಿಸಿ’ ಎಂದೋ ‘ಯೂಸರ್’ ಎಂದೋ ಇದ್ದು, ಪಾಸ್‌ವರ್ಡ್ ಇರುವುದೇ ಅಪರೂಪ. ಇಡೀ ಮನೆ ಅದರಲ್ಲೇ ಕೂತಿರುತ್ತದೆ. ಹೀಗೆ ಮಾಡಿ: ‘ಸೆಟ್ಟಿಂಗ್ಸ್’ ತೆರೆಯಿರಿ, ‘ಅಕೌಂಟ್ಸ್’ ಒತ್ತಿ, ಅದರೊಳಗೆ ‘ಅದರ್ ಯೂಸರ್ಸ್’. ವಿಂಡೋಸ್ 10ರಲ್ಲಿ ಇದಕ್ಕೆ ‘ಫ್ಯಾಮಿಲಿ ಆ್ಯಂಡ್ ಅದರ್ ಯೂಸರ್ಸ್’ ಎಂದು ಹೆಸರು. ಅಲ್ಲಿ ಹೊಸ ಖಾತೆಯೊಂದನ್ನು ಸೇರಿಸಿ, ಗಟ್ಟಿ ಪಾಸ್‌ವರ್ಡ್ ಕೊಟ್ಟು, ‘ಚೇಂಜ್ ಅಕೌಂಟ್ ಟೈಪ್’ ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಒಮ್ಮೆ ಅದರೊಳಗೆ ಲಾಗಿನ್ ಆಗಿ, ಪಾಸ್‌ವರ್ಡ್ ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಈ ಹೆಜ್ಜೆ ತಪ್ಪಿಸಬೇಡಿ. ಆ ಹೊಸ ಖಾತೆಯಲ್ಲಿ ಕೂತೇ, ಇಷ್ಟು ದಿನ ಬಳಸುತ್ತಿದ್ದ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡಿಗೆ ಇಳಿಸಿ. ಹಳೆಯ ಫೋಟೊ, ಕಡತ ಎಲ್ಲ ಇದ್ದಲ್ಲೇ ಇರುತ್ತವೆ. ಉಳಿದವರಿಗೆ ಬೇಕೆಂದರೆ ಒಂದೊಂದು ಸ್ಟ್ಯಾಂಡರ್ಡ್ ಖಾತೆ ತೆರೆದುಕೊಡಿ. ಹೊಸದಾಗಿ ಸೇರಿಸಿದ ಖಾತೆ ತಾನಾಗಿಯೇ ಸ್ಟ್ಯಾಂಡರ್ಡ್ ಆಗಿರುತ್ತದೆ. ಉಬುಂಟುವಿನಂಥ ಲಿನಕ್ಸ್ ಹಾಕಿಕೊಂಡವರಿಗೆ ಇಷ್ಟು ಓಡಾಟವಿಲ್ಲ, ಅದು ಹುಟ್ಟಿನಿಂದಲೇ ಯುನಿಕ್ಸಿನ ಮನೆತನದ್ದು.

ಯಂತ್ರದ ಕೆಲಸ ಇಷ್ಟೇ, ಕಾಲು ಗಂಟೆ ಸಾಕು. ಕಷ್ಟವಿರುವುದು ಮನುಷ್ಯರ ಕಡೆ. ಬಹಳ ಮನೆಗಳಲ್ಲಿ ಈ ವ್ಯವಸ್ಥೆ ಮಾಡುವುದೇನೋ ಮಾಡುತ್ತಾರೆ, ಆದರೆ ಮಕ್ಕಳಿಗೆ ಸ್ಟ್ಯಾಂಡರ್ಡ್, ತಮಗೆ ಮಾತ್ರ ಅಡ್ಮಿನ್. ಅಕ್ಕನ ಮನೆಯಲ್ಲಿ ಇದನ್ನು ಹೊಂದಿಸಿ ಕೊಟ್ಟಾಗ ನಾನು, “ಭಾವ, ನೀವೂ ದಿನಾ ಕೂರೋದು ಸ್ಟ್ಯಾಂಡರ್ಡ್ ಖಾತೆಯಲ್ಲೇ” ಅಂದೆ. ಭಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ನನ್ನ ದುಡ್ಡಲ್ಲಿ ತಂದ ಕಂಪ್ಯೂಟರಲ್ಲಿ ನಾನೇ ಬಾಡಿಗೆದಾರನೇನಯ್ಯಾ?” ಒಳಗಿಂದ ಅಕ್ಕನ ದನಿ ಬಂತು: “ಯಾಕೆ, ಮನೇಲಿ ರೂಢಿ ಇಲ್ವಾ ನಿಮಗೆ?”

ತಮಾಷೆ ಬಿಡಿ, ಭಾವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರವೇ ಇವತ್ತಿನ ಮಾತಿನ ತಿರುಳು. ನಿರ್ಬಂಧ ಹಾಕುವುದು ಮನುಷ್ಯರ ಮೇಲಲ್ಲ, ಅವರ ಹೆಸರಿನಲ್ಲಿ ಓಡುವ ಪ್ರೋಗ್ರಾಮುಗಳ ಮೇಲೆ. ನೀವು ಅಡ್ಮಿನ್ ಆಗಿ ಕೂತು ಒಪ್ಪಿಗೆ ಕೊಟ್ಟ ಪ್ರತಿ ಕಡತವೂ ನಿಮ್ಮಷ್ಟೇ ದೊಡ್ಡ ಅಧಿಕಾರದಲ್ಲಿ ಓಡುತ್ತದೆ. ಎಲ್ಲರ ಖಾತೆಗಳಿಗೂ ಕೈಹಾಕಬಲ್ಲದು, ಆ್ಯಂಟಿವೈರಸ್ಸನ್ನೇ ಮಲಗಿಸಬಲ್ಲದು. ಬ್ಯಾಂಕಿನ ಕೆಲಸ ಮಾಡುವವರು, ತೆರಿಗೆ ಕಾಗದ ಇಟ್ಟುಕೊಂಡವರು, ಇಮೇಲಿನಲ್ಲಿ ಬಂದ ‘ಇನ್‌ವಾಯ್ಸ್’ ತೆರೆಯುವವರು ಅಪ್ಪಂದಿರೇ ಹೊರತು ಹತ್ತು ವರ್ಷದ ಹುಡುಗನಲ್ಲ. ಕಳ್ಳರಿಗೆ ಬೇಕಾದದ್ದು ಹುಡುಗನ ಆಟದ ಅಂಕಗಳಲ್ಲ. ಸರ್ವರ್ ನಡೆಸುವ ಪಳಗಿದ ಎಂಜಿನಿಯರುಗಳೂ ದಿನವಿಡೀ ರೂಟ್ ಆಗಿ ಕೂರುವುದಿಲ್ಲ, ಬೇಕಾದಾಗ ಒಂದು ಕ್ಷಣ ಆ ಅಧಿಕಾರ ತೆಗೆದುಕೊಂಡು ಮತ್ತೆ ಇಳಿಯುತ್ತಾರೆ. ಇನ್ನೊಂದು ಲಾಭವೂ ಉಂಟು. ಅಪ್ಪನಿಗೂ ಅದೇ ಪೆಟ್ಟಿಗೆ, ಅದೇ ಪಾಸ್‌ವರ್ಡ್ ಎಂದಮೇಲೆ ಮಗನಿಗೆ ಅದು ಶಿಕ್ಷೆಯಾಗಿ ಕಾಣುವುದಿಲ್ಲ. ಭಾವ ಒಪ್ಪಿದರು, ಅರೆಮನಸ್ಸಿನಿಂದ.

ಇಷ್ಟು ಮಾಡಿದರೆ ಎಲ್ಲವೂ ನಿಲ್ಲುತ್ತದೆಯೇ? ಇಲ್ಲ. ಬಾಡಿಗೆದಾರ ತನ್ನ ಕೋಣೆಗೆ ಮಂಚ ತರಬಹುದು ಅಂದೆನಲ್ಲ, ಈ ಸಂದು ಬಲ್ಲ ತಂತ್ರಾಂಶಗಳು ಬೇಕಾದಷ್ಟಿವೆ. ಕ್ರೋಮ್ ಇನ್‌ಸ್ಟಾಲ್ ಮಾಡುವಾಗ ಅಡ್ಮಿನ್ ಪಾಸ್‌ವರ್ಡ್ ಕೊಡದೆ ‘ನೋ’ ಒತ್ತಿ ನೋಡಿ. ಪರವಾಗಿಲ್ಲ, ಅಡ್ಮಿನ್ ಇಲ್ಲದೆಯೂ ಹಾಕಬಹುದು, ಮುಂದುವರಿಯಲೇ ಎಂದು ಕೇಳುತ್ತದೆ. ಆ ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ ‘ಆ್ಯಪ್‌ಡೇಟಾ’ ಎಂಬ ಮರೆಯ ಜಾಗವಿದೆ, ಅಲ್ಲಿ ಹೋಗಿ ಕೂರುತ್ತದೆ. ಮಕ್ಕಳ ಮೆಚ್ಚಿನ ರಾಬ್ಲಾಕ್ಸ್ ಕೂಡ ಹಾಗೇ. ಕೆಟ್ಟ ತಂತ್ರಾಂಶಕ್ಕೂ ಈ ದಾರಿ ಗೊತ್ತು. ವ್ಯತ್ಯಾಸವೆಂದರೆ, ಕೊಳೆ ಆ ಒಬ್ಬನ ಕೋಣೆಯಲ್ಲೇ ಉಳಿಯುತ್ತದೆ. ತೀರಾ ಕೆಟ್ಟರೆ ಆ ಖಾತೆಯ ಫೋಟೊ, ಪಾಠದ ಕಡತಗಳನ್ನು ಬೇರೆಡೆ ಉಳಿಸಿಕೊಂಡು ಖಾತೆಯನ್ನೇ ಅಳಿಸಿ ಹೊಸದು ತೆರೆಯಬಹುದು. ಇಡೀ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಹೊರಬೇಕಿಲ್ಲ.

ಸಂದು ಮುಚ್ಚಲು ವಿಂಡೋಸಿನಲ್ಲೇ ಎರಡು ಸಾಧನಗಳಿವೆ. ಒಂದು, ‘ಸೆಟ್ಟಿಂಗ್ಸ್’ನ ‘ಆ್ಯಪ್ಸ್’ ವಿಭಾಗದಲ್ಲಿ ‘ಚೂಸ್ ವೇರ್ ಟು ಗೆಟ್ ಆ್ಯಪ್ಸ್’ ಎಂಬ ಆಯ್ಕೆ. ವಿಂಡೋಸ್ 11ರಲ್ಲಿ ಅದು ‘ಅಡ್ವಾನ್ಸ್ಡ್ ಆ್ಯಪ್ ಸೆಟ್ಟಿಂಗ್ಸ್’ ಒಳಗಿದೆ. ‘ಮೈಕ್ರೋಸಾಫ್ಟ್ ಸ್ಟೋರ್ ಓನ್ಲಿ’ ಎಂದು ಇಟ್ಟರೆ, ಅಂತರಜಾಲದಿಂದ ಇಳಿಸಿದ ಕಂಡಕಂಡ ಕಡತವನ್ನು ಅದು ಕೂರಿಸಲು ಬಿಡುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಇದು ಒಳ್ಳೆಯದು, ಇಂಜಿನಿಯರಿಂಗ್ ಓದುವವರಿರುವ ಮನೆಗೆ ತಲೆನೋವು. ಎರಡನೆಯದು ಎಲ್ಲರಿಗೂ ಬೇಕು: ‘ವಿಂಡೋಸ್ ಸೆಕ್ಯುರಿಟಿ’, ಅದರಲ್ಲಿ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’, ಅದರಲ್ಲಿ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’. ಅಲ್ಲಿ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಎಂಬುದು ಆನ್ ಇರಬೇಕು. ಟೂಲ್‌ಬಾರು, ಕ್ಲೀನರುಗಳಂಥ, ವೈರಸ್ ಎನ್ನಲಾಗದ ಆದರೆ ಮರ್ಯಾದಸ್ಥವೂ ಅಲ್ಲದ ಸರಕನ್ನು ತಡೆಯಲೆಂದೇ 2020ರಲ್ಲಿ ವಿಂಡೋಸ್ 10ಕ್ಕೆ ಸೇರಿಸಿದ್ದು ಇದು.

ತಂತ್ರಾಂಶವೇ ಅಲ್ಲದ ಒಂದು ಉಪದ್ರವವಿದೆ, ಅದನ್ನು ಹೇಳದೆ ಬಿಡುವಂತಿಲ್ಲ. ತೆರೆಯ ಬಲಗಡೆ ಕೆಳಮೂಲೆಯಿಂದ “ವೈರಸ್ ಬಂದಿದೆ, ಈಗಲೇ ಒತ್ತಿ” ಎಂದು ಮೇಲಿಂದ ಮೇಲೆ ಏಳುವ ಚೌಕ. ಜನ ಇದನ್ನು ತೆಗೆಯಲು ಆ್ಯಂಟಿವೈರಸ್ ಮೇಲೆ ಆ್ಯಂಟಿವೈರಸ್ ಹಾಕುತ್ತಾರೆ. ಎಷ್ಟೋ ಸಲ ಅದು ಎಂದೋ ಒಂದು ದಿನ ಯಾವುದೋ ತಾಣದಲ್ಲಿ ‘ಅಲೋ’ ಒತ್ತಿದ್ದರ ಫಲ, ಬ್ರೌಸರಿನ ನೋಟಿಫಿಕೇಶನ್. ಕ್ರೋಮಿನ ‘ಸೆಟ್ಟಿಂಗ್ಸ್’ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ಗೆ ಹೋಗಿ. ಅಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿಯಿರುತ್ತದೆ. ಗುರುತಿಲ್ಲದ್ದನ್ನೆಲ್ಲ ಅಳಿಸಿ, ಕಾಟ ತಪ್ಪಿತು. ಅಂದ ಹಾಗೆ ಕನ್ನಡ ಟೈಪ್ ಮಾಡಲೆಂದು ಡೌನ್‌ಲೋಡ್ ತಾಣಗಳನ್ನು ಅಲೆಯುವ ಅಗತ್ಯವೂ ಈಗ ಅಷ್ಟಿಲ್ಲ. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಈಚೆಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆ ಅದರಲ್ಲೇ ಇದೆ, ‘ಲ್ಯಾಂಗ್ವೇಜ್’ ವಿಭಾಗದಲ್ಲಿ ಕನ್ನಡ ಸೇರಿಸಿಕೊಂಡರೆ ಸಾಕು.

ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು? ಒಬ್ಬರ ತಲೆಯಲ್ಲಿ ಮಾತ್ರ ಬೇಡ. ಅಪ್ಪ ಊರಿಗೆ ಹೋದ ದಿನವೇ ಹೊಸ ಪ್ರಿಂಟರ್ ಬರುತ್ತದೆ, ಮಗಳು ಮರುದಿನ ಪ್ರಾಜೆಕ್ಟ್ ಒಪ್ಪಿಸಬೇಕಿರುತ್ತದೆ. ಫೋನಿನಲ್ಲಿ ಹೇಳಿಸಿಕೊಂಡ ಪಾಸ್‌ವರ್ಡ್ ಸಂಜೆಯೊಳಗೆ ಮನೆಮಂದಿಗೆಲ್ಲ ಬಾಯಿಪಾಠ. ಅದರ ಬದಲು ಕಾಗದದಲ್ಲಿ ಬರೆದು ಬೀರುವಿನಲ್ಲಿ ಪತ್ರಗಳ ಜೊತೆ ಇಡಿ. ಪಾಸ್‌ವರ್ಡ್ ಬರೆದಿಡಬಾರದು ಎಂಬ ನಿಯಮ ಕಚೇರಿಯ ಮೇಜಿಗೆ ಸರಿ, ಮನೆಯ ಬೀರುವಿಗೆ ಅದನ್ನು ತರುವುದು ಅತಿಯಾಯಿತು. ಮಕ್ಕಳು ಏನಾದರೂ ಹಾಕಬೇಕೆಂದು ಕೇಳಿದಾಗ ಕಣ್ಣುಮುಚ್ಚಿ ‘ಬೇಡ’ ಎನ್ನಬೇಡಿ. ಪಕ್ಕದಲ್ಲಿ ಕೂತು, ಆ ಪೆಟ್ಟಿಗೆಯನ್ನು ಅವರಿಂದಲೇ ಓದಿಸಿ. ತಯಾರಿಸಿದವರ ಹೆಸರು ಖಾತ್ರಿಯಾಗಿದ್ದರೆ ಪೆಟ್ಟಿಗೆಯ ತಲೆ ನೀಲಿ, ‘ಅನ್‌ನೋನ್’ ಎಂದಿದ್ದರೆ ಹಳದಿ. ಹಳದಿ ಎಂದಾಕ್ಷಣ ಕೆಟ್ಟದ್ದೇ ಎಂದಲ್ಲ, ಬಡ ಪ್ರೋಗ್ರಾಮರ್ ಒಬ್ಬ ದುಡ್ಡು ಕೊಟ್ಟು ಸಹಿಪತ್ರ ಕೊಳ್ಳದೆ ಇದ್ದಿರಬಹುದು. ಆದರೂ ಎಲ್ಲಿಂದ ಇಳಿಸಿದ್ದು ಎಂದು ಕೇಳಲು ಅದು ಸರಿಯಾದ ಹೊತ್ತು.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ಬ್ಯಾಂಕಿನಿಂದ, ಇಲ್ಲವೇ ಕಂಪ್ಯೂಟರ್ ಕಂಪನಿಯಿಂದ ಮಾತಾಡುತ್ತಿದ್ದೇವೆ ಎಂದು ಫೋನ್ ಬರುತ್ತದೆ. ನಿಮ್ಮ ಯಂತ್ರದಲ್ಲಿ ತೊಂದರೆಯಿದೆ, ಎನಿಡೆಸ್ಕ್ ಇಳಿಸಿಕೊಳ್ಳಿ ಎನ್ನುತ್ತಾರೆ. ಎನಿಡೆಸ್ಕ್ ಸ್ವತಃ ಕೆಟ್ಟ ತಂತ್ರಾಂಶವಲ್ಲ, ದೂರದಿಂದ ದುರಸ್ತಿ ಮಾಡುವವರು ದಿನಾ ಬಳಸುವಂಥದ್ದು. ಅದೇ ದಾರಿಯಲ್ಲಿ ವಂಚಕರು ಖಾತೆ ಬರಿದು ಮಾಡುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇಲ್ಲಿ ನನ್ನ ಸ್ಟ್ಯಾಂಡರ್ಡ್ ಖಾತೆ ಪೂರ್ತಿ ಕಾಯುವುದಿಲ್ಲ ಎಂಬುದನ್ನು ನೇರವಾಗಿ ಹೇಳಬೇಕು, ಏಕೆಂದರೆ ಇಂಥವು ಇನ್‌ಸ್ಟಾಲ್ ಆಗದೆಯೇ ಓಡುತ್ತವೆ. ಆದರೆ ಯಂತ್ರದಲ್ಲಿ ಬೇರೂರಲು ಅವರಿಗೂ ಅಡ್ಮಿನ್ ಪಾಸ್‌ವರ್ಡ್ ಬೇಕು, ಆಗ “ಸ್ವಲ್ಪ ಆ ಪಾಸ್‌ವರ್ಡ್ ಹೊಡೀರಿ ಸಾರ್” ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ತಕ್ಷಣ ಫೋನ್ ಇಡಿ, ರೌಟರಿನ ಸ್ವಿಚ್ ಆರಿಸಿ. ಅಷ್ಟರೊಳಗೆ ಹಣ ಹೋಗಿದ್ದರೆ ಮೊದಲು ಕರೆ ಮಾಡಬೇಕಾದದ್ದು 1930ಕ್ಕೆ. ಅದು ಸೈಬರ್ ವಂಚನೆಯ ದೂರಿಗೆಂದು ಇರುವ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.